ದೇವಿಮನೆ ಘಾಟಿಯಲ್ಲಿ ಒಂದು ಯೂನಿಟ್ ಕರೆಂಟಿನ ಲೆಕ್ಕ

ಪರಿಚಯದವರೊಬ್ಬರ ವಿದ್ಯುತ್ ಕಾರಿನಲ್ಲಿ ಕುಮಟಾದಿಂದ ಶಿರಸಿಗೆ ಹೊರಟ ದಿನ ನಾನು ರಸ್ತೆಗಿಂತ ಹೆಚ್ಚಾಗಿ ಸ್ಟಿಯರಿಂಗಿನ ಹಿಂದಿನ ಪುಟ್ಟ ಪರದೆಯನ್ನೇ ನೋಡುತ್ತ ಕುಳಿತಿದ್ದೆ. ಕುಮಟಾದಲ್ಲಿ ಶೇ 90 ಇದ್ದ ಬ್ಯಾಟರಿ ಕತಗಾಲ ದಾಟುವವರೆಗೆ ಒಂದೊಂದೇ ಅಂಕಿಯಾಗಿ ನಿಧಾನಕ್ಕೆ ಇಳಿಯುತ್ತ ಬಂದು, ದೇವಿಮನೆ ಘಾಟಿಯ ತಿರುವುಗಳು ಶುರುವಾದದ್ದೇ ತಡ, ಜಾತ್ರೆಯಲ್ಲಿ ಜೇಬಿನ ದುಡ್ಡು ಕರಗುವ ಹಾಗೆ ಕರಗತೊಡಗಿತು. ಶಿರಸಿಯ ಐದು ರಸ್ತೆ ತಲುಪಿದಾಗ ಉಳಿದದ್ದು ಶೇ 55. ಮರುದಿನ ಅದೇ ದಾರಿಯಲ್ಲಿ ಇಳಿದೆವು. ಘಾಟಿಯ ನೆತ್ತಿಯಿಂದ ಬುಡಕ್ಕೆ ಬರುವಷ್ಟರಲ್ಲಿ ಅಂಕಿ ಕಡಿಮೆಯಾಗುವ ಬದಲು ಶೇ 3ರಷ್ಟು ಏರಿತ್ತು; ಮನೆಯಿಂದ ಮನೆಯವರೆಗೆ ಇಳಿದಾರಿಗೆ ಒಟ್ಟು ಖರ್ಚಾದದ್ದು ಶೇ 19 ಮಾತ್ರ.

ಇದರಲ್ಲಿ ಜಾದೂ ಏನೂ ಇಲ್ಲ. ಜನರನ್ನೂ ಸೇರಿಸಿ 1,500 ಕೆ.ಜಿ. ತೂಗುವ ಕಾರನ್ನು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಎತ್ತಲು, ದಾರಿಯ ಘರ್ಷಣೆಯನ್ನು ಬದಿಗಿಟ್ಟರೂ, ಎರಡೂವರೆ ಯೂನಿಟ್ ವಿದ್ಯುತ್ ಬೇಕು. ಆ ಎರಡೂವರೆ ಯೂನಿಟ್ ಎಲ್ಲಿಯೂ ಹೋಗುವುದಿಲ್ಲ. ಎತ್ತರದ ರೂಪದಲ್ಲಿ ಕಾರಿನ ಜೊತೆಗೇ ಇರುತ್ತದೆ. ಪೆಟ್ರೋಲ್ ಕಾರು ಇಳಿಯುವಾಗ ಅದನ್ನು ಬ್ರೇಕಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಮಳೆ ಬಿಟ್ಟ ಮಧ್ಯಾಹ್ನ ಘಾಟಿಯ ತಿರುವಿನಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಕೊಂಡವರಿಗೆ ಆ ಸುಟ್ಟ ಲೈನರಿನ ವಾಸನೆ ಗೊತ್ತು. ವಿದ್ಯುತ್ ಕಾರಿನಲ್ಲಾದರೆ ಇಳಿಜಾರಿನಲ್ಲಿ ಮೋಟಾರು ಉಲ್ಟಾ ಕೆಲಸ ಮಾಡಿ ಡೈನಮೋ ಆಗುತ್ತದೆ, ಚಕ್ರದ ತಿರುಗುವಿಕೆಯನ್ನು ಕರೆಂಟಾಗಿಸಿ ಬ್ಯಾಟರಿಗೆ ತುಂಬುತ್ತದೆ. ಎಲ್ಲವೂ ಮರಳುವುದಿಲ್ಲ, ಒಂದು ಪಾಲು ಮರಳುತ್ತದೆ. ಬ್ರೇಕು ಸವೆಯುವುದೂ, ಅದರ ಪುಡಿ ಗಾಳಿಗೆ ಸೇರುವುದೂ ಕಡಿಮೆ. ಬ್ಯಾಟರಿಯ ಭಾರದಿಂದಾಗಿ ಟಯರು ತುಸು ಬೇಗ ಸವೆಯುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸವೆದ ರಬ್ಬರಿನ ಪುಡಿ ಮಳೆನೀರಿನೊಡನೆ ಅಘನಾಶಿನಿಯನ್ನೇ ಸೇರುತ್ತದೆ.

ಹೊಗೆ ಕೊಳವೆ ಇಲ್ಲದ ಕಾರು ಶುದ್ಧ ಎಂದು ಮಾರಾಟಗಾರರು ಹೇಳುವುದೂ, ಕರೆಂಟು ಮಾಡುವಲ್ಲಿ ಕಲ್ಲಿದ್ದಲು ಸುಡುವುದರಿಂದ ಅದು ಬರೀ ಬೂಟಾಟಿಕೆ ಎಂದು ಚಹಾದಂಗಡಿಯಲ್ಲಿ ವಾದಿಸುವುದೂ ಎರಡೂ ಅರ್ಧ ಲೆಕ್ಕಗಳೇ. ಪೂರ್ತಿ ಲೆಕ್ಕಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದರಿಂದ ಶುರುಮಾಡಬೇಕು, ಮತ್ತು ಆ ಪ್ರಶ್ನೆಯನ್ನು ಕೇಳಲು ಉತ್ತರ ಕನ್ನಡಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಕಾಳಿಯ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ 31ಕ್ಕೆ ಮುಗಿದಂತೆ ಸತತ 962 ದಿನ ನಿಲ್ಲದೆ ಓಡಿತು. ಅದೇ ನದಿಯ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳಿವೆ. ದಕ್ಷಿಣಕ್ಕೆ ಬಂದರೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ ಕೊನೆಯ 240 ಮೆಗಾವಾಟ್. ಇವುಗಳಲ್ಲಿ ಯಾವುದೂ ಕಲ್ಲಿದ್ದಲು ಸುಡುವುದಿಲ್ಲ.

ಹಾಗೆಂದು ಕಾರವಾರದ ಪ್ಲಗ್ಗಿನಲ್ಲಿ ಬರುವುದು ಕೈಗಾದ ಕರೆಂಟು ಎಂದು ಹೇಳುವಂತಿಲ್ಲ. ವಿದ್ಯುತ್ ಜಾಲವೆಂಬುದು ಹತ್ತಾರು ಹಳ್ಳಗಳು ಬಂದು ಸೇರುವ ಕೆರೆಯ ಹಾಗೆ. ತೂಬಿನಲ್ಲಿ ಹರಿಯುವ ನೀರು ಯಾವ ಹಳ್ಳದ್ದೆಂದು ಬಿಡಿಸಿ ಹೇಳಲಾಗದು. ಕೈಗಾದ ಕರೆಂಟು ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ, ರಾಯಚೂರು ಮತ್ತು ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಕರೆಂಟು ನಮ್ಮ ಮನೆಗೂ ಬರುತ್ತದೆ. ಆದ್ದರಿಂದ ಲೆಕ್ಕವನ್ನು ಇಡೀ ಕೆರೆಯ ಸರಾಸರಿಯ ಮೇಲೆ ಹಾಕಬೇಕಾಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಇತ್ತೀಚಿನ ವರ್ಷಗಳ ಅಂಕಿಗಳ ಪ್ರಕಾರ ದೇಶದ ಜಾಲದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.72 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಇನ್ನು ಕಾರಿನ ಕಡೆಗೆ ಬರೋಣ. ಸಾಧಾರಣ ಗಾತ್ರದ ವಿದ್ಯುತ್ ಕಾರು, ಚಾರ್ಜ್ ಮಾಡುವಾಗ ಪೋಲಾಗುವುದನ್ನೂ ಸೇರಿಸಿ ಗೋಡೆಯ ಪ್ಲಗ್ಗಿನಲ್ಲಿ ಅಳೆದರೆ, 100 ಕಿ.ಮೀ.ಗೆ ಸುಮಾರು 15 ಯೂನಿಟ್ ಬಳಸುತ್ತದೆ. ಅಂದರೆ ಕಿಲೋಮೀಟರಿಗೆ ಸುಮಾರು 108 ಗ್ರಾಂ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಲೀಟರಿಗೆ 18 ಕಿ.ಮೀ. ಕೊಡುವ ಕಾರು ಕಿಲೋಮೀಟರಿಗೆ 128 ಗ್ರಾಂ ಉಗುಳುತ್ತದೆ, ಕಚ್ಚಾತೈಲ ತೆಗೆದು ಶುದ್ಧೀಕರಿಸಿ ಸಾಗಿಸುವ ಖರ್ಚನ್ನೂ ಸೇರಿಸಿದರೆ 150ರ ಆಸುಪಾಸಿಗೆ ಬರುತ್ತದೆ. ನಡುವಿನ ಅಂತರ ನಲವತ್ತು ಚಿಲ್ಲರೆ ಗ್ರಾಂ. ತಂತಿಯಲ್ಲಿ ಸೋರುವ ಕರೆಂಟನ್ನು ಲೆಕ್ಕಕ್ಕೆ ತಂದರೆ ಅದು ಇನ್ನಷ್ಟು ಕಿರಿದಾಗುತ್ತದೆ. ಜಾಹೀರಾತುಗಳಲ್ಲಿ ಕಾಣುವ ಹಸಿರು ಎಲೆಗೂ ಈ ಅಂಕಿಗೂ ಎಷ್ಟು ದೂರ ಎಂದು ಓದುಗರಿಗೆ ಅನ್ನಿಸಿದರೆ ಅದು ಸರಿಯೇ.

ಇದರ ಮೇಲೆ ಬ್ಯಾಟರಿಯ ಸಾಲ ಬೇರೆ ಇದೆ. 30 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ತಯಾರಿಸುವಷ್ಟರಲ್ಲಿ ಎರಡರಿಂದ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ, ಕಾರು ಶೋರೂಮಿನಿಂದ ಇನ್ನೂ ಹೊರಬರುವ ಮುನ್ನವೇ. ಕಿಲೋಮೀಟರಿಗೆ 45 ಗ್ರಾಂ ಉಳಿತಾಯದಲ್ಲಿ ಈ ಸಾಲ ತೀರಲು ಸುಮಾರು 50,000 ಕಿ.ಮೀ. ಓಡಬೇಕು. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಶಿರಸಿಯ ಅಡಿಕೆ ಬೆಳೆಗಾರನಿಗೆ ಇದು ಐದು ವರ್ಷದ ಕಂತು. ಅದೇ ಕಾರನ್ನು ಮನೆಯ ಮಾಡಿನ ಮೇಲಿನ ಸೌರಫಲಕದಿಂದ ತುಂಬಿಸಿದರೆ ಸಾಲ 16,000 ಕಿ.ಮೀ. ಹೊತ್ತಿಗೆ ತೀರಿಹೋಗುತ್ತದೆ. ಕಾರು ಒಂದೇ, ಬ್ಯಾಟರಿ ಒಂದೇ, ಪ್ಲಗ್ಗಿನ ಹಿಂದೆ ಏನಿದೆ ಎಂಬುದೊಂದು ಬದಲಾದರೆ ಫಲ ಮೂರು ಪಟ್ಟು ಬದಲಾಗುತ್ತದೆ. ಸ್ವಚ್ಛ ಸಾರಿಗೆಯ ಕುರಿತು ಅಧ್ಯಯನ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಟಿ 2021ರಲ್ಲಿ ಗಣಿಯಿಂದ ಗುಜರಿಯವರೆಗಿನ ಇಡೀ ಆಯುಷ್ಯವನ್ನು ಲೆಕ್ಕ ಹಾಕಿದಾಗ, ಭಾರತದಲ್ಲಿ ವಿದ್ಯುತ್ ಕಾರಿನ ಹೊರಸೂಸುವಿಕೆ ಪೆಟ್ರೋಲ್ ಕಾರಿಗಿಂತ ಶೇ 19ರಿಂದ 34ರಷ್ಟು ಕಡಿಮೆ ಎಂದು ಕಂಡುಬಂತು. ಯುರೋಪಿನಲ್ಲಿ ಅದೇ ಅಂಕಿ ಶೇ 66ರಿಂದ 69.

ಕಾರು ಹಳೆಯದಾದಷ್ಟೂ ಅದರ ಹೊಗೆ ಹೆಚ್ಚಾಗುವುದು ವಾಡಿಕೆ. ವಿದ್ಯುತ್ ಕಾರಿಗೆ ಮಾತ್ರ ಅದು ತಿರುಗುಮುರುಗು: ಜಾಲಕ್ಕೆ ಪಾವಗಡದ 2,050 ಮೆಗಾವಾಟಿನಂಥ ಸೌರ ಪಾರ್ಕುಗಳು ಸೇರಿದಂತೆಲ್ಲ ನಿನ್ನೆ ಕೊಂಡ ಕಾರು ನಾಳೆ ತಾನಾಗಿಯೇ ಹೆಚ್ಚು ಶುದ್ಧವಾಗುತ್ತದೆ, ಬಾನೆಟ್ ತೆರೆಯದೆ. ಯಾವ ಹೊತ್ತಿಗೆ ಚಾರ್ಜ್ ಮಾಡುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಜಾಲದಲ್ಲಿ ಬಿಸಿಲಿನ ಕರೆಂಟು ಉಕ್ಕುತ್ತಿರುತ್ತದೆ; ರಾತ್ರಿ ಎಂಟಕ್ಕೆ ಎಲ್ಲರೂ ದೀಪ, ಮಿಕ್ಸಿ, ಫ್ಯಾನು ಹಚ್ಚಿದ ಹೊತ್ತಿನಲ್ಲಿ ಕಾರಿಗೂ ಪ್ಲಗ್ಗು ಚುಚ್ಚಿದರೆ ಆ ಹೆಚ್ಚುವರಿ ಯೂನಿಟ್ಟಿಗಾಗಿ ಎಲ್ಲಿಯೋ ಕಲ್ಲಿದ್ದಲಿನ ಬಾಯ್ಲರೊಂದು ತುಸು ಹೆಚ್ಚು ಉರಿಯುತ್ತದೆ. ಘಟ್ಟದ ಮೇಲಿನವರಿಗೆ ಇನ್ನೊಂದು ವಿಶೇಷವಿದೆ. ಮಾಡಿನ ಮೇಲಿನ ಒಂದು ಕಿಲೋವಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೂ ಆಷಾಢದ ಕರಿಮೋಡದಲ್ಲಿ ಅದರ ಕಾಲುಭಾಗಕ್ಕೆ ಇಳಿಯುವುದುಂಟು; ಆದರೆ ಸೂರ್ಯ ಮುಖ ತೋರಿಸದ ಅದೇ ದಿನಗಳಲ್ಲಿ ಲಿಂಗನಮಕ್ಕಿಗೂ ಸೂಪಾಕ್ಕೂ ಒಳಹರಿವು ಏರುತ್ತದೆ. ಒಂದು ಬತ್ತಿದಾಗ ಇನ್ನೊಂದು ತುಂಬುವ ಈ ಜೋಡಿ ಎಲ್ಲ ಸೀಮೆಗಳಿಗೂ ದಕ್ಕಿಲ್ಲ. ಮರ ಬಿದ್ದು ಮೂರು ದಿನ ಕರೆಂಟೇ ಇಲ್ಲದ ಹಳ್ಳಿಮನೆಯಲ್ಲಿ ಇದನ್ನೆಲ್ಲ ಹೇಳಿದರೆ ನಗುತ್ತಾರೆ, ಅದು ಬೇರೆ ಮಾತು.

ಬ್ಯಾಟರಿಯ ಇನ್ನೊಂದು ಸಾಲ ಇಂಗಾಲದ ಅಂಕಿಯಲ್ಲಿ ಕಾಣುವುದಿಲ್ಲ. ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ, ನಿಕ್ಕಲ್ಲಿನ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯದಿಂದ ಬರುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಲಿಥಿಯಂ ಪಡೆಯಲು ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆವಿಯಾಗಲು ಬಿಡುತ್ತಾರೆ. ಗಣಿ ಎಂದರೇನೆಂದು ಅಂಕೋಲೆಯವರಿಗೆ ವಿವರಿಸಬೇಕಿಲ್ಲ. ಬಳ್ಳಾರಿ ಸೀಮೆಯ ಅದಿರು ಅರಬೈಲ್ ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಬರುತ್ತಿದ್ದ ವರ್ಷಗಳಲ್ಲಿ ಹೆದ್ದಾರಿಯಂಚಿನ ಮಾವಿನೆಲೆಗಳು ಕೆಂಪಾಗಿದ್ದುದನ್ನೂ, 2010ರಲ್ಲಿ ಜಪ್ತಿ ಮಾಡಿಟ್ಟ ಅದಿರಿನ ರಾಶಿಗಳೇ ಬಂದರಿನಿಂದ ಕಾಣೆಯಾದ ಸುದ್ದಿಯನ್ನೂ ನಾವು ಹತ್ತಿರದಿಂದ ಕಂಡವರು. ನಮ್ಮ ಕಾರಿನ ಬ್ಯಾಟರಿಗಾಗಿ ಇನ್ನೆಲ್ಲಿಯೋ ಒಂದು ಸಂಡೂರು, ಇನ್ನೊಂದು ಬೇಲೇಕೇರಿ ಹುಟ್ಟಿಕೊಂಡಿರುತ್ತದೆ. ಸಮಾಧಾನದ ಸಂಗತಿಯೆಂದರೆ, ಈಗ ಭಾರತದ ಬಹಳಷ್ಟು ಕಾರುಗಳಲ್ಲಿ ಬಳಕೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಕೋಬಾಲ್ಟೂ ಬೇಡ, ನಿಕ್ಕಲ್ಲೂ ಬೇಡ. ಅದು ಬೆಂಕಿಗೆ ಬೀಳುವ ಸಂಭವವೂ ಕಡಿಮೆ. ತೂಕ ಮಾತ್ರ ಸ್ವಲ್ಪ ಹೆಚ್ಚು. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತೆಂದು ಕೆಲವು ವರ್ಷಗಳ ಹಿಂದೆ ದೊಡ್ಡ ಸದ್ದಾಗಿ, ಕೊನೆಗೆ ಆ ನಿಕ್ಷೇಪ 1,600 ಟನ್ನಿಗೆ ಬಂದು ನಿಂತಿತು. ಹಳೆಯ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2022ರಲ್ಲಿ ಬಂದಿದೆ; ಗುಜರಿ ಅಂಗಡಿಯವರೆಗೆ ಅದು ಇಳಿಯುವುದನ್ನು ಕಾಯಬೇಕು.

ಈಗ ಜಲಜನಕದ ಕಾರು. ಹೈಡ್ರೋಜನ್ ಕಾರು ಎಂದಾಗ ಅನಿಲವನ್ನು ಎಂಜಿನ್ನಿನಲ್ಲಿ ಉರಿಸುತ್ತಾರೆಂದು ಹಲವರು ಭಾವಿಸುತ್ತಾರೆ. ಹಾಗೆ ಉರಿಸುವ ಎಂಜಿನ್ನುಗಳೂ ಇವೆ. ಆದರೆ ಮುಖ್ಯವಾಗಿ ಮಾತಿನಲ್ಲಿರುವ ಕಾರುಗಳು ವಾಸ್ತವದಲ್ಲಿ ವಿದ್ಯುತ್ ಕಾರುಗಳೇ, ತಮ್ಮ ಕರೆಂಟನ್ನು ತಾವೇ ಹೊತ್ತುಕೊಂಡು ತಯಾರಿಸುವಂಥವು. ಅವುಗಳ ಒಡಲಲ್ಲಿರುವ ಇಂಧನಕೋಶದ ತತ್ವವನ್ನು ವಿಲಿಯಂ ಗ್ರೋವ್ ಎಂಬ ವಿಜ್ಞಾನಿ 1839ರಷ್ಟು ಹಿಂದೆಯೇ ತೋರಿಸಿದ್ದ. ನೀರಿಗೆ ಕರೆಂಟು ಹಾಯಿಸಿದರೆ ಜಲಜನಕ, ಆಮ್ಲಜನಕ ಬೇರೆಯಾಗುತ್ತವೆ. ಅವೆರಡನ್ನು ಪ್ಲಾಟಿನಂ ಲೇಪಿಸಿದ ತೆಳು ಪೊರೆಯ ಎರಡು ಬದಿಗೆ ಬಿಟ್ಟರೆ ಅವು ಮತ್ತೆ ನೀರಾಗಿ ಕೂಡುವಾಗ ಕರೆಂಟು ಕೊಡುತ್ತವೆ. ಹಿಂಬದಿಯ ಕೊಳವೆಯಲ್ಲಿ ನೀರಾವಿ ಬಿಟ್ಟರೆ ಬೇರೇನೂ ಬಾರದು. ಟೊಯೋಟಾದ ಮಿರಾಯ್ 5.6 ಕೆ.ಜಿ. ಜಲಜನಕದಲ್ಲಿ ಸುಮಾರು 650 ಕಿ.ಮೀ. ಓಡಬಲ್ಲದು, ತುಂಬಿಸಲು ಐದು ನಿಮಿಷ ಸಾಕು. 2022ರ ಮಾರ್ಚಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅದೇ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ಕೊಳವೆಯಲ್ಲಿ ನೀರಾವಿ ಬರುತ್ತದೆಂಬುದು ನಿಜ. ಪ್ರಶ್ನೆ ಇರುವುದು ಟ್ಯಾಂಕಿಗೆ ಬರುವ ಮೊದಲು ಏನಾಯಿತು ಎಂಬಲ್ಲಿ. ಜಲಜನಕವನ್ನು ಕಲ್ಲಿದ್ದಲಿನಂತೆ ನೆಲದಿಂದ ಅಗೆದು ತೆಗೆಯುವ ಪದ್ಧತಿ ಇಂದು ಇಲ್ಲವೆಂದೇ ಹೇಳಬೇಕು; ಬೇರೆ ವಸ್ತುವಿನಿಂದ ಅದನ್ನು ಬಿಡಿಸಿಕೊಳ್ಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಬಳಕೆಯಾಗುವ ಸುಮಾರು ಒಂಬತ್ತೂವರೆ ಕೋಟಿ ಟನ್ ಜಲಜನಕದಲ್ಲಿ ಹೆಚ್ಚಿನದನ್ನು ನೈಸರ್ಗಿಕ ಅನಿಲಕ್ಕೆ ಬಿಸಿ ಹಬೆ ಬೆರೆಸಿ, ಉಳಿದದ್ದರಲ್ಲಿ ದೊಡ್ಡ ಪಾಲನ್ನು ಕಲ್ಲಿದ್ದಲಿನಿಂದ ತಯಾರಿಸುತ್ತಾರೆ. ಕಡಿಮೆ ಇಂಗಾಲದ ವಿಧಾನಗಳಿಂದ ಬರುವುದು ಶೇ 1ಕ್ಕಿಂತ ಕಡಿಮೆ. ಅನಿಲದಿಂದ ಒಂದು ಕೆ.ಜಿ. ಜಲಜನಕ ಪಡೆಯುವಾಗ ಒಂಬತ್ತು-ಹತ್ತು ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕೆ.ಜಿ. ಜಲಜನಕದಲ್ಲಿ ಕಾರು ಸುಮಾರು 100 ಕಿ.ಮೀ. ಓಡುತ್ತದೆಂದು ಹಿಡಿದರೆ ಕಿಲೋಮೀಟರಿಗೆ 90ರಿಂದ 100 ಗ್ರಾಂ ಆಯಿತು. ಪೆಟ್ರೋಲಿಗಿಂತ ತುಸು ಮೇಲು, ವಿದ್ಯುತ್ ಕಾರಿಗೆ ಸರಿಸಮಾನ. ಇದನ್ನು ಬೂದು ಜಲಜನಕ ಎನ್ನುತ್ತಾರೆ. ಹೊರಬಂದ ಇಂಗಾಲವನ್ನು ಹಿಡಿದು ನೆಲದಡಿ ಹೂತರೆ ನೀಲಿ, ಸೌರ-ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ಮಾಡಿದರೆ ಹಸಿರು. ಅನಿಲಕ್ಕೆ ಬಣ್ಣವೇ ಇಲ್ಲ. ಈ ಬಣ್ಣಗಳೆಲ್ಲ ಕಾಗದದ ಮೇಲಿನವು.

ಹಸಿರನ್ನೇ ತೆಗೆದುಕೊಳ್ಳೋಣ, ಏಕೆಂದರೆ ಭರವಸೆಯೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಕೆ.ಜಿ. ಜಲಜನಕಕ್ಕಾಗಿ ನೀರನ್ನು ಒಡೆಯಲು 50ರಿಂದ 55 ಯೂನಿಟ್ ಕರೆಂಟು ಬೇಕು, ಅದನ್ನು ಒತ್ತಿ, ತಂಪು ಮಾಡಿ ಕಾರಿನ ಟ್ಯಾಂಕಿಗೆ ತುಂಬುವಷ್ಟರಲ್ಲಿ ಲೆಕ್ಕ 60ರ ಹತ್ತಿರ ಬರುತ್ತದೆ. ಘಟ್ಟದ ಮೇಲಿನ ಹಳೆಯ ಮನೆಗಳಿಗೆ ಗುಡ್ಡದ ಅಬ್ಬಿಯ ನೀರನ್ನು ಅಡಿಕೆ ಮರದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ತರುತ್ತಿದ್ದ ಕ್ರಮವನ್ನು ನೆನೆದರೆ ಇಲ್ಲಿ ಆಗುವುದೇನೆಂದು ತಿಳಿಯುತ್ತದೆ. ಪ್ರತಿ ಜೋಡಣೆಯಲ್ಲಿಯೂ ತುಸು ನೀರು ಸೋರಿ ಕೆಳಗೆ ಹಾವಸೆ ಬೆಳೆದಿರುತ್ತದೆ; ಜೋಡಣೆ ಹೆಚ್ಚಿದಷ್ಟೂ ಹಂಡೆಗೆ ಬರುವ ನೀರು ಕಡಿಮೆ. ವಿದ್ಯುತ್ ಕಾರಿನಲ್ಲಿ ಜೋಡಣೆಗಳು ಕಡಿಮೆ: ತಂತಿ, ಬ್ಯಾಟರಿ, ಮೋಟಾರು. 100 ಯೂನಿಟ್ ಹೊರಟರೆ ಚಕ್ರಕ್ಕೆ ಎಪ್ಪತ್ತೈದರ ಮೇಲೆ ತಲುಪುತ್ತದೆ. ಜಲಜನಕದ ದಾರಿಯಲ್ಲಿ ನೀರು ಒಡೆಯುವಾಗ ಮೂರನೆಯ ಒಂದು ಭಾಗ ಸೋರುತ್ತದೆ, ಒತ್ತುವಾಗ ಸಾಗಿಸುವಾಗ ಇನ್ನಷ್ಟು, ಇಂಧನಕೋಶದಲ್ಲಿ ಮತ್ತೆ ಕರೆಂಟಾಗುವಾಗ ಹೆಚ್ಚುಕಡಿಮೆ ಅರ್ಧ. ಕೊನೆಗೆ ಚಕ್ರಕ್ಕೆ ಸಿಗುವುದು 25ರಿಂದ 30. ಒಂದೇ ಯೂನಿಟ್ ಕರೆಂಟು ಕೊಟ್ಟರೆ ಬ್ಯಾಟರಿಯ ಕಾರು ಆರೂವರೆ ಕಿ.ಮೀ. ಹೋಗುವಲ್ಲಿ ಜಲಜನಕದ ಕಾರು ಎರಡು ಕಿ.ಮೀ. ಕೂಡ ಹೋಗದು. ಮಿರಾಯ್ ದೊಡ್ಡ ಕಾರು, ಅಷ್ಟೇ ದೊಡ್ಡ ಬ್ಯಾಟರಿ ಕಾರಿನ ಜೊತೆ ಹೋಲಿಸಬೇಕು ಎಂದರೂ ಅಂತರ ಮೂರು ಪಟ್ಟಿನ ಆಸುಪಾಸಿನಲ್ಲೇ ಉಳಿಯುತ್ತದೆ.

ಇದರ ಪರಿಣಾಮ ಏನೆಂದರೆ, ನಮ್ಮ ಇಂದಿನ ಜಾಲದ ಕರೆಂಟಿನಿಂದಲೇ ನೀರು ಒಡೆದು ಕಾರು ಓಡಿಸಿದರೆ ಕಿಲೋಮೀಟರಿಗೆ 430 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಪೆಟ್ರೋಲಿನ ಮೂರು ಪಟ್ಟು ಹತ್ತಿರ. ಸರ್ಕಾರಕ್ಕೂ ಇದು ಗೊತ್ತಿದೆ. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ನಿಗೆ ಒಪ್ಪಿಗೆ ಕೊಟ್ಟು, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಇಟ್ಟ ಕೇಂದ್ರವು, ಅದೇ ವರ್ಷ ಆಗಸ್ಟಿನಲ್ಲಿ ಹಸಿರು ಎಂಬುದಕ್ಕೆ ಗೆರೆ ಎಳೆಯಿತು: ಒಂದು ಕೆ.ಜಿ. ಜಲಜನಕಕ್ಕೆ 2 ಕೆ.ಜಿ.ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳಬಾರದು. ಜಾಲದ ಸಾಮಾನ್ಯ ಕರೆಂಟಿನಲ್ಲಿ ಈ ಗೆರೆಯ ಹತ್ತಿರಕ್ಕೂ ಬರಲಾಗದು.

ಹಿಡಿದಿಡುವ ಕಷ್ಟ ಬೇರೆಯೇ ಇದೆ. ಗೋಬರ್ ಗ್ಯಾಸಿನ ಡ್ರಮ್ಮು ನೋಡಿ ಬೆಳೆದ ನಮಗೆ ಅನಿಲ ಎಷ್ಟು ಜಾಗ ತಿನ್ನುತ್ತದೆಂಬ ಅಂದಾಜು ಇರುತ್ತದೆ. ಸಾಮಾನ್ಯ ಒತ್ತಡದಲ್ಲಿ 5 ಕೆ.ಜಿ. ಜಲಜನಕಕ್ಕೆ ಹದಿನೈದು ಅಡಿ ಉದ್ದ, ಹದಿನೈದು ಅಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದು ಬೇಕು. ಅದನ್ನು ಕಾರಿನ ಹಿಂಬದಿಗೆ ತುರುಕಲು 700 ಬಾರ್ ಒತ್ತಡ ಹಾಕುತ್ತಾರೆ. ಬಂಕಿನಲ್ಲಿ ಟಯರಿಗೆ 33 ಎಂದು ಹೇಳಿ ಗಾಳಿ ಹಾಕಿಸುತ್ತೇವಲ್ಲ, ಅದೇ ಅಳತೆಯಲ್ಲಿ ಇದು 10,000. ತುಂಬುವಾಗ ಬಿಸಿಯೇರದಿರಲೆಂದು ಅನಿಲವನ್ನು ಮೊದಲೇ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ತಂಪು ಮಾಡಬೇಕು. ಉಕ್ಕಿನ ಸಿಲಿಂಡರುಗಳನ್ನು ಹೊತ್ತ ದೊಡ್ಡ ಲಾರಿಯೊಂದು ಒಯ್ಯಬಲ್ಲ ಜಲಜನಕ ಮುನ್ನೂರು-ನಾನೂರು ಕೆ.ಜಿ. ಮಾತ್ರ, ಅರುವತ್ತು-ಎಂಬತ್ತು ಕಾರುಗಳಿಗೆ ಸಾಕಾಗುವಷ್ಟು ಇಂಧನಕ್ಕಾಗಿ ಅಂಥ ಲಾರಿಯನ್ನು ಅರಬೈಲ್ ಘಾಟಿ ಹತ್ತಿಸಬೇಕು. ಇಷ್ಟು ಹಗುರ, ಇಷ್ಟು ಸಣ್ಣ ಕಣದ ಅನಿಲ ಸಂದಿ ಸಿಕ್ಕಲ್ಲಿ ಸೋರುತ್ತದೆ, ಉಕ್ಕಿನೊಳಕ್ಕೂ ನುಸುಳಿ ಅದನ್ನು ಪೆಡಸಾಗಿಸುತ್ತದೆ. ಬಯಲಲ್ಲಿ ಸೋರಿದರೆ ಕ್ಷಣದಲ್ಲಿ ಮೇಲೇರಿ ಹೋಗುವುದರಿಂದ ಅಪಾಯ ಕಡಿಮೆ, ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಎಚ್ಚರ ಬೇಕು; ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಹೆಚ್ಚು ಜನರಿಗೆ ತಿಳಿಯದ ಸಂಗತಿಯೆಂದರೆ, ಸೋರಿದ ಜಲಜನಕ ವಾತಾವರಣದಲ್ಲಿ, ಭೂಮಿಯನ್ನು ಬಿಸಿಯೇರಿಸುವ ಮೀಥೇನ್ ಅನಿಲವನ್ನು ಕರಗಿಸುವ ಕಣಗಳನ್ನು ತಾನು ತಿಂದುಹಾಕಿ ಮೀಥೇನಿನ ಆಯುಸ್ಸನ್ನು ಹೆಚ್ಚಿಸುತ್ತದೆ; ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಹನ್ನೊಂದು ಪಟ್ಟು.

ಜಲಜನಕ ಮಾಡಲು ತೀರ ಹೆಚ್ಚು ನೀರು ಬೇಕು ಎಂಬ ಆಕ್ಷೇಪ ಮಾತ್ರ ಅತಿಯಾಯಿತೆಂದು ನನಗನ್ನಿಸುತ್ತದೆ. ಒಂದು ಕೆ.ಜಿ.ಗೆ ಒಡೆಯಬೇಕಾದ ನೀರು 9 ಲೀಟರ್, ಶುದ್ಧೀಕರಣ ಮತ್ತು ತಂಪಿನ ವ್ಯವಸ್ಥೆ ಸೇರಿದರೆ 20-30 ಲೀಟರ್. ಕಡಲ ನೀರನ್ನು ಸಿಹಿ ಮಾಡಿ ಬಳಸಿದರೂ ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ಸಾಕು. 60 ಯೂನಿಟ್ಟಿನ ಮುಂದೆ ಅದು ಲೆಕ್ಕಕ್ಕೇ ಬಾರದು. ಸಿಹಿ ನೀರು ತೆಗೆದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಅಳಿವೆಯ ಬಾಯಿಗೆ ಬಿಟ್ಟರೆ ಬಳಚು (ಚಿಪ್ಪುಮೀನು) ಆರಿಸಿ ಬದುಕುವವರ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ, ಆದರೆ ಅದು ಜಾಗದ ಆಯ್ಕೆಯ ಪ್ರಶ್ನೆ.

ಘಾಟಿ ಇಳಿಯುವಾಗಲೂ ಜಲಜನಕದ ಕಾರು ಹಿಂದೆ ಬೀಳುತ್ತದೆ. ಇಂಧನಕೋಶ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಇಳಿಜಾರಿನಲ್ಲಿ ಸಿಕ್ಕ ಕರೆಂಟು ಮರಳಿ ಜಲಜನಕವಾಗಲಾರದು. ಅದಕ್ಕಾಗಿ ಅವುಗಳಲ್ಲೂ ಒಂದು ಚಿಕ್ಕ ಬ್ಯಾಟರಿ ಇಟ್ಟಿರುತ್ತಾರೆ; ಮಿರಾಯ್‌ನಲ್ಲಿ ಅದು ಒಂದೂಕಾಲು ಯೂನಿಟ್ ಹಿಡಿಯುವಂಥದ್ದು. ದೇವಿಮನೆಯ ನಡುಘಾಟಿಯಲ್ಲಿ ಅದು ತುಂಬಿಹೋದರೆ ಮುಂದಿನದು ಮತ್ತೆ ಬ್ರೇಕಿನ ಪಾಲೇ.

ಹಾಗಾದರೆ ಜಲಜನಕ ಬೇಡವೇ? ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ, ಆದರೆ ಬೇರೆ ಕೆಲಸಗಳಿಗೆ ಬೇಕೇ ಬೇಕು. ಯೂರಿಯಾ ಮಾಡಲು ಅಮೋನಿಯ ಬೇಕು, ಅಮೋನಿಯಕ್ಕೆ ಜಲಜನಕ ಬೇಕು. ನಮ್ಮ ಗದ್ದೆಗೆ ಬೀಳುವ ಗೊಬ್ಬರದ ಹಿಂದೆ ಇಂದು ಇರುವುದು ಬೂದು ಜಲಜನಕ. ಅದಿರಿನಿಂದ ಉಕ್ಕು ತೆಗೆಯುವಲ್ಲಿ ಕಲ್ಲಿದ್ದಲಿನ ಬದಲಿಗೆ ಅದನ್ನು ಬಳಸಬಹುದು, ಅಲ್ಲಿ ಬ್ಯಾಟರಿಯಿಂದ ಪ್ರಯೋಜನವಿಲ್ಲ. 40 ಟನ್ನಿನ ಲಾರಿಗೆ ಬ್ಯಾಟರಿ ಹೊರಿಸಿದರೆ ಮೂರು ಟನ್ನಿನಷ್ಟು ಜಾಗ ಬ್ಯಾಟರಿಗೇ ಹೋಗುವುದರಿಂದ ದೂರದ ಲಾರಿಗಳ ವಿಷಯದಲ್ಲಿ ಸ್ಪರ್ಧೆ ಇನ್ನೂ ಮುಗಿದಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಸಾಲಾಗಿ ನಿಂತ ಟ್ರಾಲ್ ಬೋಟುಗಳನ್ನು ನೋಡಿದಾಗಲೂ ಅದೇ ಅನ್ನಿಸುತ್ತದೆ. ಹತ್ತು ದಿನ ಕಡಲಿನಲ್ಲೇ ಇರುವ ಬೋಟಿಗೆ ಚಾರ್ಜಿಂಗ್ ಪಾಯಿಂಟು ಎಲ್ಲಿಂದ ಬರಬೇಕು? ಕೊಚ್ಚಿ ಹಡಗುಕಟ್ಟೆಯಲ್ಲಿ ತಯಾರಾದ ಇಂಧನಕೋಶದ ದೋಣಿಯೊಂದನ್ನು 2024ರ ಫೆಬ್ರುವರಿಯಲ್ಲಿ ವಾರಾಣಸಿಗಾಗಿ ಉದ್ಘಾಟಿಸಿದ್ದಾರೆ. ಗಂಗೆಯ ದೋಣಿಗೂ ಅರಬ್ಬೀ ಸಮುದ್ರದ ಬೋಟಿಗೂ ಅಜಗಜಾಂತರವಿದ್ದರೂ ಹುಡುಕಾಟದ ದಿಕ್ಕು ಸರಿಯಾಗಿದೆ.

ಮೂರು ಪಟ್ಟು ಕರೆಂಟು ಎಂಬುದನ್ನು ನಾನು ಇಷ್ಟು ಹಿಡಿದುಕೊಂಡಿರುವುದಕ್ಕೆ ಕಾರಣ ಈ ಜಿಲ್ಲೆಯೇ. ಹೊಗೆಯಿಲ್ಲದ ಕರೆಂಟಿಗೂ ಬೆಲೆಯುಂಟು ಎಂಬುದನ್ನು ಕಾಳಿ ಕಣಿವೆಯವರು ಮನೆಮಠ ಕೊಟ್ಟು ಕಲಿತಿದ್ದಾರೆ. ಸೂಪಾ ಅಣೆಕಟ್ಟಿಗೆ ಊರು ಮುಳುಗಿ ಜೋಯಿಡಾದ ರಾಮನಗರಕ್ಕೆ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಿನ್ನೀರಿನ ಕಡೆಗೆ ಕೈತೋರಿಸಿ ಮಾತಾಡುತ್ತಾರೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ಲೆಕ್ಕಪತ್ರ ಮುಂದಿಟ್ಟುಕೊಂಡು ವಿರೋಧಿಸಿದ ಊರು ಶಿರಸಿ. ಈಗ ಬಿಸಿಲಿನ ಕರೆಂಟನ್ನು ರಾತ್ರಿಗೆ ಕೂಡಿಡಲೆಂದು ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ನೀರನ್ನು ಹಗಲು ಮೇಲಕ್ಕೆತ್ತಿ ರಾತ್ರಿ ಇಳಿಸಿದರೆ ಕೊಟ್ಟ ನಾಲ್ಕು ಯೂನಿಟ್ಟಿಗೆ ಮೂರು ಮರಳುತ್ತದೆ, ಆದರೆ ಆ ಕೊಳವೆಗಳು ಹಾಯಬೇಕಾದದ್ದು ಸಿಂಗಳೀಕಗಳ ಕಾಡಿನ ಮೂಲಕ. ಕಾರಿಗೆ ಜಲಜನಕ ಬೇಕೆಂದರೆ ಇಂಥ ಸೌರ ಪಾರ್ಕು, ತಂತಿದಾರಿ, ಜಲಾಶಯ ಎಲ್ಲವೂ ಒಂದರ ಜಾಗದಲ್ಲಿ ಮೂರು ಬೇಕಾಗುತ್ತವೆ.

ಅದೇ ಅಳತೆಗೋಲನ್ನು ವಿದ್ಯುತ್ ಕಾರಿಗೂ ಹಿಡಿಯದಿದ್ದರೆ ಅನ್ಯಾಯವಾಗುತ್ತದೆ. ಹೊನ್ನಾವರದ ಪೇಟೆಯಲ್ಲಿ ಓಡಾಡುವ ವಿದ್ಯುತ್ ಸ್ಕೂಟರ್ ಒಂದು ಯೂನಿಟ್ಟಿನಲ್ಲಿ ಮೂವತ್ತು ಕಿ.ಮೀ. ದಾಟುತ್ತದೆ, ಕಿಲೋಮೀಟರಿಗೆ 20-25 ಗ್ರಾಂ; ಅದರ ಬ್ಯಾಟರಿ ಕಾರಿನದರ ಹತ್ತನೆಯ ಒಂದು ಭಾಗ, ಆದ್ದರಿಂದ ಅದರ ಸಾಲವೂ ಬೇಗ ತೀರುತ್ತದೆ. ಇನ್ನು ಶಿರಸಿ-ಕುಮಟಾ ನಡುವೆ ಓಡುವ ಕೆಂಪು ಬಸ್ಸು. ಘಾಟಿಯಲ್ಲಿ ಲೀಟರ್ ಡೀಸೆಲ್ಲಿಗೆ ನಾಲ್ಕೇ ಕಿ.ಮೀ. ಕೊಟ್ಟರೂ, 45 ಜನ ಕುಳಿತರೆ ತಲೆಗೆ ಕಿಲೋಮೀಟರಿಗೆ 15 ಗ್ರಾಂ ಬರುತ್ತದೆ. ಒಬ್ಬನೇ ಕುಳಿತು ಹೋಗುವ ವಿದ್ಯುತ್ ಕಾರಿನಲ್ಲಿ 108. ಆ ಬಸ್ಸನ್ನೇ ವಿದ್ಯುತ್ತಿಗೆ ಬದಲಿಸಿದರೆ, ಕಿಲೋಮೀಟರಿಗೆ ಒಂದು ಯೂನಿಟ್ಟಿನಂತೆ, ಇಂದಿನ ಜಾಲದಲ್ಲಿ ಇಂಗಾಲದ ಲೆಕ್ಕ ಡೀಸೆಲ್ಲಿಗೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ, ಹೊಗೆ ಮಾತ್ರ ಊರು ಬಿಟ್ಟು ಹೋಗುತ್ತದೆ. ಆದರೆ ಹದಿನೈದು ಟನ್ನಿನ ಬಸ್ಸು ದೇವಿಮನೆಯಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಎರಡೂವರೆ ಯೂನಿಟ್ ಅಲ್ಲ, ಇಪ್ಪತ್ತನಾಲ್ಕು. ಅದರಲ್ಲಿ ಅರ್ಧ ಬ್ಯಾಟರಿಗೆ ಮರಳಿದರೂ ಕತಗಾಲದ ಆಚೆ ಬಯಲು ದಾರಿಯಲ್ಲಿ ಹತ್ತು-ಹನ್ನೆರಡು ಕಿ.ಮೀ. ಆ ಬಸ್ಸು ಘಾಟಿಯ ಕರೆಂಟಿನಲ್ಲಿಯೇ ಓಡುತ್ತದೆ.